ಮಡಿಸಿದ ತಂತಿಯ ತುದಿ

"ನೀಲಿ ಒಂದೇ ಮಗ್ಗುಲಿಗಿದೆ," ಎಂದಳು ಒದಿಲ್, ಮೊಣಕಾಲೂರಿ ಕೂತಲ್ಲಿಂದಲೇ.

ಲೋಯಿಕ್ ಬಗ್ಗಿ ನೋಡಿದ. ಅವಳ ಬೆರಳುಗಳ ನಡುವೆ, ಸಾವಿನ ಜಾಗದಿಂದ ತಂದ ಗೇಣುದ್ದದ ತಂತಿಯ ತುಂಡು. ಒಂದು ಮಗ್ಗುಲಲ್ಲಿ ಮೈಲುತುತ್ತದ ನೀಲಿ ಪುಡಿ ಹಿಡಿದುಕೊಂಡಿತ್ತು. ಇನ್ನೊಂದು ಮಗ್ಗುಲು ಬರೀ ತುಕ್ಕು.

"ಇದ್ರೆ ಏನೀಗ, ಚೀಫ್? ಈ ಕಣಿವೇಲಿ ನೀಲಿ ಹತ್ತದೇ ಇರೋ ವಸ್ತು ಯಾವುದಿದೆ? ನಮ್ಮಪ್ಪನ ಟೋಪಿ ಕೂಡ ನೀಲೀನೇ."

"ನಿಮ್ಮಪ್ಪನ ಟೋಪಿ ಸುತ್ತಲೂ ನೀಲಿ. ದ್ರಾಕ್ಷಿ ಸಾಲಿಗೆ ಎರಡೂ ಕಡೆಯಿಂದ ಔಷಧಿ ಹೊಡೀತಾರೆ, ತಂತಿ ಸುತ್ತಲೂ ನೀಲಿ ಆಗುತ್ತೆ. ಒಂದೇ ಕಡೆಯಿಂದ ಹೊಡೆಯೋ ಸಾಲು ಯಾವುದು ಹೇಳು?"

ಲೋಯಿಕ್ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಹುಟ್ಟಿದವನು. ಬೆನ್ನಿಗೆ ಔಷಧಿಯ ಡಬ್ಬಿ ಹೊತ್ತು ಬೆಳೆದವನು. ಅವನಿಗೆ ಉತ್ತರ ಹೊಳೆಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಕಡೇ ಸಾಲು. ಕಾಡಿನ ಗೋಡೆಗೆ ಅಂಟಿಕೊಂಡಿರೋದು. ಗೋಡೆ ಕಡೆ ಹೋಗಿ ನಿಲ್ಲೋಕೆ ಜಾಗ ಇರಲ್ಲ."

"ಈಗ ಗೊತ್ತಾಯ್ತಾ, ನಿನ್ನೆಯಿಂದ ನಿನ್ನನ್ನ ಗುಡ್ಡ ಗುಡ್ಡ ಯಾಕೆ ಅಲೆಸ್ತಿದೀನಿ ಅಂತ?"

"ಮೊದಲೇ ಹೇಳಿದ್ರೆ ಕಾಲು ಇಷ್ಟು ನೋಯ್ತಿರಲಿಲ್ಲ," ಎಂದ ಲೋಯಿಕ್, ಬೂಟಿನ ಅಂಚಿಗೆ ಹತ್ತಿದ ಕೆಂಪು ಮರಳುಮಣ್ಣನ್ನು ಗೋಡೆಗೆ ಒರೆಸುತ್ತ.

ಮೂರು ದಿನದ ಹಿಂದೆ, ಭಾನುವಾರ ಬೆಳಿಗ್ಗೆ, ತೋಳದ ಇಳಿಜಾರು ಎಂಬ ಕಾಡುದಾರಿಯಲ್ಲಿ ಸೈಕಲ್ ಸವಾರರ ಮುಂದಾಳಾಗಿ ಇಳಿಯುತ್ತಿದ್ದ ಬಾಸ್ತಿಯೆನ್, ಎರಡು ಮರಗಳ ನಡುವೆ ಬಿಗಿದಿದ್ದ ತಂತಿಗೆ ಕುತ್ತಿಗೆ ಸಿಕ್ಕಿ ಸತ್ತಿದ್ದ. ಅಂದು ಸಂಜೆಯಿಂದ ಠಾಣೆಯ ಕೋಣೆಯಲ್ಲಿ ಕೂತಿದ್ದವನು ಬೇಟೆಗಾರರ ಸಂಘದ ಕ್ಲೋವಿಸ್. ಇವತ್ತು ಸಂಜೆ ಐದಕ್ಕೆ ಅವನನ್ನು ಕೊಲೆಯ ಆಪಾದನೆಯ ಮೇಲೆ ನ್ಯಾಯಾಧೀಶರ ಬಳಿಗೆ ಕಳಿಸಬೇಕು, ಇಲ್ಲವೇ ಬಿಡಬೇಕು. ಕಳಿಸುವ ಕಾಗದಕ್ಕೆ ಸಹಿ ಹಾಕಬೇಕಾದವಳು ಒದಿಲ್.

ಈಗ ಮೂರು ಗಂಟೆ.

ಒದಿಲ್ ಎದ್ದು ನಿಂತು ಸಾಲಿನ ಉದ್ದಕ್ಕೂ ನೋಡಿದಳು. ಕೊಯ್ಲು ಮುಗಿದು ಎಲೆಗಳು ಕೆಂಪಾಗತೊಡಗಿದ್ದವು. ಬಳ್ಳಿಯ ನಡುವೆ ಯಾರೂ ಕೊಯ್ಯದೆ ಬಿಟ್ಟ ಪುಟ್ಟ ಗೊಂಚಲುಗಳ ಮೇಲೆ ಕಣಜದ ಹುಳುಗಳು ಗುಂಯ್‌ಗುಡುತ್ತಿದ್ದವು. ಈ ಕಡೇ ಸಾಲಿನ ಆರನೆಯ ಮತ್ತು ಎಂಟನೆಯ ಗೂಟದ ನಡುವೆ ಮೇಲಿನ ತಂತಿ ಇರಲಿಲ್ಲ. ಹತ್ತು ಮೀಟರ್ ಕತ್ತರಿಸಿ ಒಯ್ದಿದ್ದರು. ಉಳಿದ ತಂತಿಯ ತುದಿಯನ್ನು ಗೂಟಕ್ಕೆ ಮೂರು ಸುತ್ತು ಸುತ್ತಿ, ಚೂಪಾದ ಕೊನೆಯನ್ನು ಹಿಂದಕ್ಕೆ ಮಡಿಸಿ ಎರಡನೆಯ ಸುತ್ತಿನ ಅಡಿಗೆ ತೂರಿಸಿದ್ದರು. ಮೇಲೆ ಬೆರಳಾಡಿಸಿದರೆ ಏನೂ ಚುಚ್ಚುತ್ತಿರಲಿಲ್ಲ.

ಕಣಿವೆಯಲ್ಲಿ ಯಾರೂ ಹೀಗೆ ಕಟ್ಟುವುದಿಲ್ಲ. ಸುತ್ತುತ್ತಾರೆ, ಇಕ್ಕಳದಿಂದ ತಿರುಚುತ್ತಾರೆ, ತುದಿಯನ್ನು ಹಾಗೇ ಬಿಟ್ಟು ಮುಂದಿನ ಗೂಟಕ್ಕೆ ಹೋಗುತ್ತಾರೆ. ದಿನಕ್ಕೆ ಸಾವಿರ ಗಂಟು ಹಾಕುವವರಿಗೆ ತುದಿ ಮಡಿಸುತ್ತ ಕೂರಲು ಪುರುಸೊತ್ತೆಲ್ಲಿ?

ಒಬ್ಬಳು ಮಾತ್ರ ಮಡಿಸುತ್ತಾಳೆ. ಎಂಟು ವರ್ಷದ ಒದಿಲ್ ಇದೇ ಹೊಲದಲ್ಲಿ ಓಡುವಾಗ ತಂತಿಯ ತುದಿಯೊಂದು ಅವಳ ಅಂಗೈಯನ್ನು ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತ್ತು. ಆ ಮಧ್ಯಾಹ್ನದಿಂದ ಮಾರ್ತ್ ತನ್ನ ಹೊಲದ ಪ್ರತಿ ತುದಿಯನ್ನೂ ಒಳಕ್ಕೆ ಮಡಿಸಿದಳು. ನಲವತ್ತು ವರ್ಷ, ಒಂದನ್ನೂ ಬಿಡದೆ.

ತೋಳದ ಇಳಿಜಾರಿನಲ್ಲಿ, ಎಳೆಯ ಚೆಸ್ಟ್‌ನಟ್ ಮರಕ್ಕೆ ಸುತ್ತಿದ್ದ ತಂತಿಯ ತುದಿಯೂ ಹೀಗೇ ಮಡಿಸಿತ್ತು. ಒದಿಲ್ ಅದನ್ನು ಭಾನುವಾರವೇ ನೋಡಿದ್ದಳು. ಕೊಲ್ಲುವ ತಂತಿ ಕಟ್ಟುವವರು ಯಾರ ಕೈಗೂ ಗೀರಬಾರದೆಂದು ತುದಿ ಮಡಿಸುತ್ತಾರೆಯೇ ಎಂದು ಲೋಯಿಕ್ ನಕ್ಕಿದ್ದ. ಅವಳು ನಕ್ಕಿರಲಿಲ್ಲ. ಒಂಬತ್ತು ಹೊಲಗಳ ಕಡೇ ಸಾಲುಗಳನ್ನು ತಡಕಿ ಹತ್ತನೆಯದಾಗಿ ಇಲ್ಲಿಗೆ ಬಂದಿದ್ದಳು. ಮೊದಲನೆಯದಾಗಿಯೇ ಬರಬಹುದಿತ್ತು.

"ಇದು ಮಾರ್ತಜ್ಜಿ ಹೊಲ ಅಲ್ವಾ?" ಲೋಯಿಕ್‌ನ ದನಿ ತಗ್ಗಿತು. "ನಿಮ್ಮ ಬ್ಯಾಪ್ಟಿಸಂ ದಿನದ ಜ್ಞಾನತಾಯಿ..."

"ಹೌದು."

"ಚೀಫ್, ನೀವು ಕೇಸು ಬೇರೆಯವರಿಗೆ ಕೊಡ್ಬಹುದಲ್ಲ?"

"ಯಾರಿಗೆ? ಈ ಕಣಿವೇಲಿ ಸಂಬಂಧ ಇಲ್ಲದ ಪೊಲೀಸ್ ಬೇಕು ಅಂದ್ರೆ ಚಂದ್ರಲೋಕದಿಂದ ಕರೆಸಬೇಕು. ನಡಿ."

ಇಳಿಯುವಾಗ ಅವಳ ಕಿವಿಯಲ್ಲಿ ಬೆಳಿಗ್ಗೆ ಕ್ಲೋವಿಸ್ ಆಡಿದ ಮಾತು ಗುಂಯ್‌ಗುಟ್ಟುತ್ತಿತ್ತು. ಮೂರು ದಿನ ಗಡ್ಡ ಕೆರೆಯದೆ, ಷೂ ಲಾಡಿಯನ್ನೂ ಕಿತ್ತುಕೊಂಡಿದ್ದರಿಂದ ಕಾಲೆಳೆಯುತ್ತ ಬಂದು ಕೂತಿದ್ದ ಆ ಧಾಂಡಿಗ. "ಹೌದಮ್ಮ, ಹೇಳಿದ್ದೆ. ಕೆಫೇಲಿ, ಮೂವತ್ತು ಜನರ ಮುಂದೆ, ನಮ್ಮ ಬೇಟೆ ಕೆಡಿಸೋ ಸೈಕಲ್‌ನವರ ಕುತ್ತಿಗೆಗೆ ಒಂದಿನ ತಂತಿ ಕಟ್ತೀನಿ ಅಂತ. ನಾನು ಬಾಯಿಬಡುಕ ಕಣೇ, ಒದಿಲ್! ಬಾಯಿಬಡುಕರು ಕೊಲೆ ಮಾಡಲ್ಲ, ಬಾಯೇ ಸುಸ್ತಾಗಿ ಮಲಗಿಬಿಡ್ತಾರೆ. ಭಾನುವಾರ ನಾನು ಆ ಕಡೆ ಗುಡ್ಡದಲ್ಲಿ ಬೇಟೆ ಬೋರ್ಡು ನೆಡ್ತಿದ್ದೆ. ಹಂದಿಗಳು ನೋಡಿವೆ. ಹೋಗಿ ಅವುಗಳ ಹೇಳಿಕೆ ತಗೋ."

ಅವನ ಜೀಪಿನಲ್ಲಿ ತಂತಿಯೂ ಇಕ್ಕಳವೂ ಸಿಕ್ಕಿದ್ದವು. ಯಾರ ಜೀಪಿನಲ್ಲಿ ಸಿಗುವುದಿಲ್ಲ? ಆದರೆ ಊರಿಗೆ ಒಬ್ಬ ಅಪರಾಧಿ ಬೇಕಾಗಿತ್ತು, ಕ್ಲೋವಿಸ್ ಕೈಗೆ ಹತ್ತಿರವಿದ್ದ.

ಮಾರ್ತ್‌ಳ ಮನೆ ಹೊಲದ ಬುಡದಲ್ಲೇ. ಒದಿಲ್ ಲೋಯಿಕ್‌ನನ್ನು ಠಾಣೆಯ ಜೀಪಿನ ಬಳಿ ನಿಲ್ಲಿಸಿದಳು. "ನಾನು ಕರೆದಾಗ ಬಾ. ವೈರ್‌ಲೆಸ್ ಕೇಳ್ತಾ ಇರು."

ಬಾಗಿಲು ತೆರೆದೇ ಇತ್ತು. ಎಂಬತ್ತೊಂದರ ಮಾರ್ತ್ ಒಲೆಯ ಮುಂದೆ ಮಡಿಲಲ್ಲಿ ಚೆಸ್ಟ್‌ನಟ್ ಹರವಿಕೊಂಡು, ಒಂದೊಂದರ ಸಿಪ್ಪೆಗೂ ಚಾಕುವಿನಿಂದ ಗೀರು ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಬೂಟು ಒರೆಸ್ಕೊಂಡು ಬಾ."

ಒದಿಲ್ ಒರೆಸಿಕೊಂಡು ಬಂದಳು.

"ಹೊಸ ದ್ರಾಕ್ಷಿರಸ ಇದೆ, ಇನ್ನೂ ಸಿಹಿಯಾಗಿದೆ. ಕುಡೀತೀಯಾ?"

"ಕೆಲಸದ ಮೇಲೆ ಬಂದಿದೀನಿ ದೊಡ್ಡಮ್ಮ."

"ಗೊತ್ತು. ಮೇಲೆ ಆರನೇ ಗೂಟದ ಹತ್ರ ಕೂತಿದ್ದು ಕಿಟಕೀಲಿ ಕಾಣ್ತಿತ್ತು. ಮೂರು ದಿನ ಆಯ್ತು, ಇನ್ನೂ ಬರಲಿಲ್ವಲ್ಲ ಅಂದ್ಕೊಂಡೆ. ನಿಧಾನ ನೀನು. ಚಿಕ್ಕವಳಿದ್ದಾಗಲೂ ಹಾಗೇ. ಸಾಲಿನಲ್ಲಿ ಕೊನೇಗೆ ಬರ್ತಿದ್ದೆ."

ಒದಿಲ್ ಎದುರಿನ ಬೆಂಚಿನ ಮೇಲೆ ಕೂತು ಬಲ ಅಂಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಬೆಳ್ಳನೆಯ ಗಾಯದ ಗೆರೆಯನ್ನು ಇಬ್ಬರೂ ನೋಡಿದರು.

"ತುದಿ ಮಡಿಸಿದ್ದೆ ನೀನು," ಎಂದಳು ಒದಿಲ್.

"ಕೈ ತಾನಾಗೇ ಮಡಿಸುತ್ತೆ." ಮಾರ್ತ್ ಇನ್ನೊಂದು ಕಾಯಿಗೆ ಗೀರು ಹಾಕಿದಳು. "ಕಟ್ಟಿದ್ದು ನಾನೇ. ಇದಕ್ಕೆ ಸುತ್ತು ಬಳಸು ಯಾಕೆ?"

ಒದಿಲ್ ಬಿಚ್ಚಿಟ್ಟ ಅಂಗೈಯನ್ನು ಮುಚ್ಚಿದಳು. ಅಲ್ಲಗಳೆಯುತ್ತಾಳೆ, ಬೈಯುತ್ತಾಳೆ, ಪೊರಕೆ ತೆಗೆದುಕೊಂಡು ಓಡಿಸುತ್ತಾಳೆ ಎಂದು ದಾರಿಯುದ್ದಕ್ಕೂ ಆಸೆಪಟ್ಟಿದ್ದಳು.

"ಯಾಕೆ, ದೊಡ್ಡಮ್ಮ?"

"ಯಾಕೆ ಅಂತ ನೀನು ಕೇಳ್ತೀಯಾ?" ಈಗ ಮಾರ್ತ್ ತಲೆ ಎತ್ತಿದಳು. "ಪ್ರತಿ ಚಳಿಗಾಲ ನಮ್ಮ ಹೊಲದ ಮಣ್ಣು ಮಳೆಗೆ ಕೆಳಕ್ಕೆ ಬರುತ್ತೆ. ಪ್ರತಿ ಚಳಿಗಾಲ ಬುಟ್ಟೀಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕ್ತೀವಿ. ನಮ್ಮಪ್ಪ ಹೊತ್ತ. ನನ್ನ ಗಂಡ ಹೊತ್ತ, ಬುಟ್ಟಿ ಬೆನ್ನ ಮೇಲಿದ್ದಾಗಲೇ ಬಿದ್ದು ಸತ್ತ. ನಾನು ಅರವತ್ತೇಳು ಚಳಿಗಾಲ ಹೊತ್ತಿದೀನಿ. ನೀನೂ ಹೊತ್ತಿದೀಯ, ನಿನ್ನ ಪುಟ್ಟ ಬುಟ್ಟೀಲಿ. ಅದು ಹೊಲ ಅಲ್ಲ ಕಣೇ, ಬೆನ್ನು. ನಮ್ಮೆಲ್ಲರ ಬೆನ್ನು."

"ಗೊತ್ತು."

"ಗೊತ್ತಿಲ್ಲ ನಿಂಗೆ. ಸೈಕಲ್‌ನವರು ಆ ದಾರಿ ಕಡಿದ ಮೇಲೆ ಒಂದ್ಸಲ ಬಂದು ನೋಡಿದೀಯಾ? ಸೈಕಲ್ ಚಕ್ರ ನನ್ನ ಗೋಡೆ ಮೇಲಿಂದ ಮೊಣಕಾಲುದ್ದ ಕೊರಕಲು ಕೊರೆದಿದೆ. ಮಳೆ ನೀರಿಗೆ ರಾಜಮಾರ್ಗ. ಒಂದೇ ಬೇಸಿಗೆ ಮಳೆಗೆ ಮೂರು ಸಾಲಿನ ಬೇರು ಆಕಾಶ ನೋಡ್ತಿದೆ. ಮೂರು ಸಲ ಆ ಹುಡುಗನ್ನ ಕರೆದು ಹೇಳ್ದೆ. ನನ್ನ ಗೋಡೆ ದಾಟೋ ಇನ್ನೂರು ಹೆಜ್ಜೆ ಇಳಿದು ನಡ್ಕೊಂಡು ಹೋಗಿ, ಆಮೇಲೆ ಹಾರ್ಕೊಳ್ಳಿ ಅಂತ."

"ಏನಂದ?"

"ನಕ್ಕ. ಒಳ್ಳೇ ಹುಡುಗ, ನಗು ಚೆನ್ನಾಗಿತ್ತು. 'ಅಜ್ಜೀ, ಇಳಿದು ನಡೆಯೋಕೆ ಯಾರಾದ್ರೂ ಸೈಕಲ್ ತರ್ತಾರಾ?' ಅಂದ. ಮಾರನೇ ದಿನ ಒಂದು ಡಬ್ಬ ಚಾಕೊಲೇಟ್ ತಂದುಕೊಟ್ಟ." ಮಾರ್ತ್‌ಳ ತುಟಿ ಸೊಟ್ಟಗಾಯಿತು. "ತಿಂದೆ. ಎಲ್ಲಾ ತಿಂದೆ. ಅದನ್ನೂ ಬರ್ಕೋ."

"ಅದಕ್ಕೆ ಕುತ್ತಿಗೆಗೆ ತಂತಿ ಕಟ್ಟಿದೆಯಾ? ಅವನಿಗೆ ಮೂವತ್ತೊಂದು ವಯಸ್ಸು, ದೊಡ್ಡಮ್ಮ! ಹೆಂಡತಿ ಎಂಟು ತಿಂಗಳ ಬಸುರಿ!"

ಚಾಕು ನಿಂತಿತು.

"ಮಂಡಿಗೆ," ಎಂದಳು ಮಾರ್ತ್.

"ಏನು?"

"ಮಂಡಿ ಎತ್ತರಕ್ಕೆ ಕಟ್ಟಿದ್ದು ನಾನು. ಶನಿವಾರ ಮಧ್ಯಾಹ್ನ. ಕೆಂಪು ಬಟ್ಟೆ ಹರಿದು ಏಳು ಚೂರು ನೇತುಹಾಕಿದ್ದೆ, ಕುರುಡನಿಗೂ ಕಾಣೋ ಹಾಗೆ. ತಿರುವಿಗಿಂತ ಬಹಳ ಮೊದಲೇ, ನೇರ ದಾರೀಲಿ. ನೋಡ್ತಾರೆ, ನಿಲ್ಲಿಸ್ತಾರೆ, ಬೈಕೊಂಡು ಇಳೀತಾರೆ, ತಂತಿ ದಾಟಿ ನಡ್ಕೊಂಡು ಹೋಗ್ತಾರೆ. ಅಷ್ಟೇ ಬೇಕಿತ್ತು ನಂಗೆ. ಕುತ್ತಿಗೆಗೆ ಹೊಡೀತು ಅಂತ ಸೋಮವಾರ ಬ್ರೆಡ್ ಗಾಡಿಯವಳು ಹೇಳಿದ್ಳು. ಕೈಲಿದ್ದ ಬ್ರೆಡ್ ಕೆಳಗೆ ಬಿತ್ತು."

ಒದಿಲ್‌ಳ ಕಣ್ಣಿಗೆ ಆ ಎಳೆಯ ಚೆಸ್ಟ್‌ನಟ್ ಮರ ಕಟ್ಟಿತು. ಕಾಂಡದ ಮೇಲೆ ಮಂಡಿಯೆತ್ತರದಿಂದ ಕುತ್ತಿಗೆಯೆತ್ತರದವರೆಗೆ ತೊಗಟೆ ಸುಲಿದಿದ್ದ ಹಸಿ ಗೀರು. ಜಿಂಕೆ ಕೊಂಬು ಉಜ್ಜಿದೆ ಎಂದು ಬರೆದುಕೊಂಡಿದ್ದಳು! ಮಡಿಸಿದ ಗಂಟನ್ನು ಬಿಚ್ಚಲು ಕಷ್ಟ, ಅದಕ್ಕೆ ಯಾರೋ ಆ ಸಣ್ಣ ಕಾಂಡದ ಮೇಲೆ ಕುಣಿಕೆಯನ್ನೇ ಮೇಲಕ್ಕೆ ಜರುಗಿಸಿದ್ದರು.

"ಆ ಕಡೆ ಮರ ಯಾವುದು? ಇನ್ನೊಂದು ತುದಿ?"

"ಓಕ್. ಅದರ ಸುತ್ತಳತೆಗೆ ನನ್ನ ತೋಳು ಸಾಲದು. ಅಲ್ಲೂ ಮಡಿಸಿದ್ದೆ."

"ಇಲ್ಲ. ಅಲ್ಲಿ ಎರಡೇ ಸುತ್ತು, ತುದಿ ಹೊರಗೆ ಚಾಚಿಕೊಂಡಿತ್ತು. ಲೋಯಿಕ್‌ನ ತೋಳಿಗೆ ಗೀರಿತು."

"ನಾನು ಜನ್ಮದಲ್ಲಿ ಹಾಗೆ ಬಿಟ್ಟವಳಲ್ಲ."

ದಪ್ಪ ಮರದ ಮೇಲೆ ಕುಣಿಕೆ ಜರುಗುವುದಿಲ್ಲ. ಬಿಚ್ಚಿ ಮತ್ತೆ ಕಟ್ಟಿದ್ದರು. ಬಟ್ಟೆಯ ಚೂರುಗಳನ್ನು ತೆಗೆದುಕೊಂಡು ಹೋಗಿದ್ದರು. ಶನಿವಾರ ಸಂಜೆಗೂ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೂ ನಡುವೆ. ದಾರಿಯ ಆ ತುಂಡಿಗೆ ಹೊತ್ತಲ್ಲದ ಹೊತ್ತಲ್ಲಿ ಯಾರೂ ಹೋಗುವುದಿಲ್ಲ. ಅಲ್ಲಿ ತಂತಿ ಇದೆಯೆಂದು ಗೊತ್ತಿದ್ದವರು ಮಾತ್ರ ಹೋಗಬೇಕು.

"ಯಾರಿಗೆ ಹೇಳಿದ್ದೆ ದೊಡ್ಡಮ್ಮ?"

ಮಾರ್ತ್ ಮಡಿಲಿನ ಕಾಯಿಗಳನ್ನು ಒಂದೊಂದಾಗಿ ಬಾಣಲೆಗೆ ಹಾಕತೊಡಗಿದಳು.

"ದೊಡ್ಡಮ್ಮ. ಕ್ಲೋವಿಸ್‌ನ ಐದಕ್ಕೆ ಕರ್ಕೊಂಡು ಹೋಗ್ತಾರೆ. ಯಾರಿಗೆ ಹೇಳಿದ್ದೆ?"

"ಕ್ಲೋವಿಸ್ ಎರಡು ದಿನ ಒಳಗೆ ಕೂತ್ರೆ ಬಾಯಿ ಸ್ವಲ್ಪ ಕಡಿಮೆ ಆಗುತ್ತೆ ಅಂದ್ಕೊಂಡೆ. ಅದಕ್ಕಿಂತ ಹೆಚ್ಚು ಬೇಡ. ಅವನ ಹೆಂಡತಿ ಇವತ್ತು ಬಾವಿ ಹತ್ರ ನನ್ನ ಕೈ ಹಿಡ್ಕೊಂಡು ಅತ್ತಳು. ನನ್ನ ಕೈ, ನೋಡು! ಅದಕ್ಕೇ ಹೇಳ್ತಿದೀನಿ. ಎಲ್ಲಾ ನಾನೇ ಮಾಡ್ದೆ ಅಂತ ಬರಿ. ಮಂಡಿಗೂ ನಾನೇ, ಕುತ್ತಿಗೆಗೂ ನಾನೇ."

"ಸುಳ್ಳು ಬರೆಯೋಲ್ಲ. ಯಾರಿಗೆ ಹೇಳಿದ್ದೆ?"

"ಕೇಳಬೇಡ್ವೇ, ಮಗಾ."

ಈ ಮುದುಕಿ ಯಾರ ಮುಂದೆಯೂ ಬೇಡಿಕೊಂಡದ್ದನ್ನು ಒದಿಲ್ ಕಂಡಿರಲಿಲ್ಲ. ಗಂಡನ ಶವ ಗುಡ್ಡದಿಂದ ಇಳಿದು ಬಂದ ದಿನವೂ ಪಾದ್ರಿಗೆ ಬೂಟು ಒರೆಸಿಕೊಂಡು ಬಾ ಎಂದವಳು.

"ಕೇಳ್ತಿದೀನಿ."

"ನಿಂಗೆ ಹೇಳೋಣ ಅಂತ ನಿಮ್ಮನೆಗೆ ಫೋನು ಮಾಡ್ದೆ," ಎಂದಳು ಮಾರ್ತ್, ಒಲೆಯನ್ನು ನೋಡುತ್ತ. "ಶನಿವಾರ ಸಂಜೆ ಏಳಕ್ಕೆ. ನಾಳೆ ಸವಾರರು ಬರ್ತಾರೆ, ಮೊದಲೇ ತಿಳಿಸಿಬಿಡು, ಯಾರೂ ಮುಗ್ಗರಿಸೋದು ಬೇಡ ಅಂತ. ನೀನು ಠಾಣೇಲಿದ್ದೆ. ಅರ್ನೋ ಎತ್ತಿದ. 'ಸರಿ ದೊಡ್ಡಮ್ಮ, ನಾನು ನೋಡ್ಕೊತೀನಿ' ಅಂದ."

ಅರ್ನೋ. ಒದಿಲ್‌ಳ ಗಂಡ. ಹದಿನೇಳು ವರ್ಷ ಒಂದೇ ಮೇಜಿಗೆ ಕೂತು ಉಂಡವನು. ಶಾಲೆಯ ಬಸ್ಸು ಓಡಿಸುತ್ತ, ಬಿಡುವಿನಲ್ಲೆಲ್ಲ ಸೈಕಲ್ಲು ಹೊತ್ತು ಗುಡ್ಡ ಸೇರುವವನು. ಎರಡು ಚಳಿಗಾಲ ಬಾಸ್ತಿಯೆನ್ ಜೊತೆ ಕೊಡಲಿ ಹಿಡಿದು ತೋಳದ ಇಳಿಜಾರಿನ ದಾರಿಯನ್ನು ಕಡಿದು ಮಾಡಿದವನು. ಈ ವಸಂತದಲ್ಲಿ ಪ್ರವಾಸದ ಕಂಪನಿಯವರು ಬಂದು ದೊಡ್ಡ ಪೋಸ್ಟರ್ ಹಾಕಿದಾಗ ಅದರಲ್ಲಿ ದಾರಿ ಮಾಡಿದವನೆಂದು ಒಂದೇ ಹೆಸರಿತ್ತು, ಬಾಸ್ತಿಯೆನ್‌ನದು. ಅರ್ನೋ ಅದನ್ನು ಓದಿ ನಕ್ಕು, "ಅವನ ಮುಖ ಪೋಸ್ಟರಿಗೆ ಚೆನ್ನಾಗಿದೆ" ಎಂದಿದ್ದ. ಅವನು ನಕ್ಕಿದ್ದರಿಂದ ಅವಳೂ ಅದನ್ನು ಮರೆತುಬಿಟ್ಟಿದ್ದಳು.

ಭಾನುವಾರ ಆರಕ್ಕೇ ಎದ್ದು ಅಣಬೆಗೆ ಹೋಗುತ್ತೇನೆ ಎಂದು ಹೊರಟಿದ್ದ. ಮಂಡಿ ನೋವು, ಇವತ್ತು ಸವಾರಿಗೆ ಹೋಗುವುದಿಲ್ಲ ಎಂದಿದ್ದ. ಬುಟ್ಟಿಯಲ್ಲಿ ಮೂರೇ ಮೂರು ಅಣಬೆ ತಂದಿದ್ದ. ಅವಳು ಮೊಟ್ಟೆಯ ಜೊತೆ ಹುರಿದಿದ್ದಳು. ಇಬ್ಬರೂ ತಿನ್ನುತ್ತಿದ್ದಾಗ ಠಾಣೆಯಿಂದ ಫೋನು ಬಂದಿತ್ತು, ಗುಡ್ಡದಲ್ಲಿ ಒಬ್ಬ ಸತ್ತಿದ್ದಾನೆ ಎಂದು. ಅವಳ ಜಾಕೆಟ್ ಹಿಡಿದು ತೊಡಿಸಿ ಕಳಿಸಿದವನು ಅವನೇ. ಈ ಮೂರು ರಾತ್ರಿಯೂ ಅವಳು ಕೇಸಿನ ಮಾತನ್ನೆಲ್ಲ ಅವನಿಗೇ ಹೇಳಿದ್ದಳು. ಗೀರು, ಗಂಟು, ನೀಲಿ ಬಣ್ಣ, ಎಲ್ಲ. "ಕ್ಲೋವಿಸ್ ಅಲ್ಲ ಅನ್ನಿಸುತ್ತೆ" ಎಂದಾಗ, "ಇನ್ಯಾರು ಮತ್ತೆ, ಬಿಡು" ಎಂದು ಹೆಗಲು ತಿಕ್ಕಿದ್ದ.

"ಅವನು ಮರೆತಿರಬಹುದು," ಎಂದಳು ಒದಿಲ್. "ಹೇಳೋಕೆ ಮರೆತಿರಬಹುದು. ಆಮೇಲೆ ಹೆದರಿ ಸುಮ್ಮನಾಗಿರಬಹುದು. ಇನ್ಯಾರೋ ಏರಿಸಿರಬಹುದು."

"ಇರಬಹುದು," ಎಂದಳು ಮಾರ್ತ್ ಮೆಲ್ಲಗೆ. "ಅದಕ್ಕೇ ಹೇಳ್ತಿರೋದು. ನನಗೆ ಎಂಬತ್ತೊಂದು. ನನ್ನನ್ನ ಏನು ಮಾಡ್ತಾರೆ? ಬಿಸಿ ಸೂಪು ಕೊಡ್ತಾರೆ, ಮಣ್ಣು ಹೊರೋದು ತಪ್ಪುತ್ತೆ. ಕ್ಲೋವಿಸ್ ಮನೆಗೆ ಹೋಗ್ತಾನೆ. ನಿನ್ನ ಮನೆ ನಿನಗಿರುತ್ತೆ. ನೀನು ಕೇಳಿಲ್ಲ, ನಾನು ಹೇಳಿಲ್ಲ."

"ಬಾಸ್ತಿಯೆನ್ ಹೆಂಡತಿಗೆ?"

ಮಾರ್ತ್ ಬಾಣಲೆಯನ್ನು ಒಲೆಯ ಮೇಲಿಟ್ಟಳು.

ಒದಿಲ್ ಎದ್ದು ಗೋಡೆಯ ಫೋನಿನ ಬಳಿ ಹೋದಳು. ಗುಡ್ಡದ ಈ ಮಡಿಲಲ್ಲಿ ಮೊಬೈಲ್ ಕೆಲಸ ಮಾಡುವುದಿಲ್ಲ. ಇದು ಹಳೆಯ ಕರಿ ಫೋನು, ಸುರುಳಿ ದಾರದ್ದು. ಮನೆಯ ನಂಬರು ತಿರುಗಿಸಿದಳು. ಬುಧವಾರ ಮಧ್ಯಾಹ್ನ ಶಾಲೆಯಿಲ್ಲ, ಬಸ್ಸೂ ಇಲ್ಲ. ಅವನು ಮನೆಯಲ್ಲೇ ಇರುತ್ತಾನೆ.

"ಹಲೋ?"

"ನಾನು."

"ಓ, ನೀನಾ! ಬರೋದು ಎಷ್ಟೊತ್ತಾಗುತ್ತೆ? ಆಲೂಗಡ್ಡೆ ಸುಲೀತಿದೀನಿ." ಹಿಂದೆ ನಲ್ಲಿ ಸುರಿಯುವ ಸದ್ದು.

ಏನು ಕೇಳಬೇಕೆಂದು ಅವಳು ಯೋಚಿಸಿರಲಿಲ್ಲ.

"ದೊಡ್ಡಮ್ಮನ ಮನೇಲಿದೀನಿ," ಎಂದಳು.

ನಲ್ಲಿ ನಿಂತಿತು.

"ಎಷ್ಟು ಹೇಳಿದ್ಲು?" ಎಂದ ಅರ್ನೋ.

ಒರಟು ಬೆರಳೊಂದು ಬಂದು ಫೋನಿನ ಕೊಕ್ಕೆಯನ್ನು ಕೆಳಕ್ಕೊತ್ತಿತು. ಮಾರ್ತ್ ಅವಳ ಪಕ್ಕದಲ್ಲಿ ನಿಂತಿದ್ದಳು, ಒಂದು ಕೈ ಗೋಡೆಗೆ ಆನಿಸಿ. ಕೂತಲ್ಲಿಂದ ಏಳಲು ಮೂರು ಸಲ ತೂಗುವ ಮುದುಕಿ ಅಷ್ಟು ಬೇಗ ಹೇಗೆ ಬಂದಳೋ.

"ಸಾಕು," ಎಂದಳು. ಒದಿಲ್‌ಳ ಕೈಯಿಂದ ಫೋನು ತೆಗೆದು ಅದರ ಜಾಗದಲ್ಲಿಟ್ಟಳು.

ಬಾಗಿಲಲ್ಲಿ ಬೂಟಿನ ಸದ್ದು. ಲೋಯಿಕ್ ಹೇಳಿಕೆಯ ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಒಳಬಂದ.

"ಚೀಫ್, ವೈರ್‌ಲೆಸ್‌ನಲ್ಲಿ ಒಂದೇ ಸಮ ಕೂಗ್ತಿದಾರೆ. ವ್ಯಾನು ಠಾಣೆ ಮುಂದೆ ನಿಂತಿದೆಯಂತೆ. ಕ್ಲೋವಿಸ್‌ನ ಹತ್ತಿಸೋದಾ, ಬಿಡೋದಾ?"

"ಬಿಡೋಕೆ ಹೇಳು," ಎಂದಳು ಮಾರ್ತ್. "ಕೂತ್ಕೊಂಡು ಬರ್ಕೋ. ತಂತಿ ಕಟ್ಟಿದ್ದು ನಾನು."

ಲೋಯಿಕ್ ಒದಿಲ್‌ಳ ಮುಖ ನೋಡಿದ. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಅವನು ಮೆಲ್ಲಗೆ ಗೋಡೆಯ ಬದಿಯ ಕುರ್ಚಿ ಎಳೆದುಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದು, ಮಾರ್ತ್‌ಳ ಪೂರ್ತಿ ಹೆಸರು ಬರೆದ. ಎಂತಹ ದುಂಡು ಅಕ್ಷರ ಅವನದು. ಅದನ್ನೇ ನೋಡುತ್ತ ನಿಂತ ಒದಿಲ್‌ಗೆ, ತಡೆಯಬೇಕಾದ ಕ್ಷಣ ಜಾರಿಹೋಗುತ್ತಿರುವುದು ಕಣ್ಣೆದುರೇ ಕಾಣುತ್ತಿತ್ತು.

ಫೋನು ಬಡಿದುಕೊಂಡಿತು.

ಮಾರ್ತ್ ಒಲೆಯ ಕಡೆ ತಿರುಗಿದ್ದಳು. ಒದಿಲ್ ಮೇಜಿನ ಆಚೆಗೆ ಸರಿದಿದ್ದಳು. ಹತ್ತಿರವಿದ್ದವನು ಲೋಯಿಕ್. ಪೆನ್ನನ್ನು ಬಾಯಲ್ಲಿ ಕಚ್ಚಿ ಹಿಡಿದು, ಕೈ ಚಾಚಿ ಎತ್ತಿಕೊಂಡ. ಅವನು ಪೆನ್ನು ತೆಗೆದು ಹಲೋ ಎನ್ನುವಷ್ಟರಲ್ಲಿ, ಎತ್ತಿದವಳು ಒದಿಲ್ ಎಂದುಕೊಂಡ ಅರ್ನೋನ ಮಾತು ಆ ಕಡೆಯಿಂದ ಶುರುವಾಗಿತ್ತು.